ಮಾದರಿ ವಿಮಾನ ಹಾರಾಟ: ಆರಂಭ ಹೇಗೆ?

ಪ್ರಶ್ನೆ: ರೇಡಿಯೊ ನಿಯಂತ್ರಿತ ವಿಮಾನ ಹಾರಿಸಲು ಕಲಿಯಬೇಕೆಂದಿದ್ದೇನೆ. ಮೊದಲ ವಿಮಾನ ಯಾವ ಬಗೆಯದಾಗಿರಬೇಕು, ಅದು ನನ್ನತ್ತ ತಿರುಗಿ ಬರುವಾಗ ಎಡಬಲಗಳ ಗೊಂದಲವನ್ನು ಹೇಗೆ ನಿವಾರಿಸಿಕೊಳ್ಳಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1: ರೆಕ್ಕೆಯು ಒಡಲಿನ ಮೇಲ್ಭಾಗದಲ್ಲಿದ್ದು, ಅದರ ತುದಿಗಳು ತುಸು ಮೇಲಕ್ಕೆ ಬಾಗಿರುವ ಫೋಮ್ ಟ್ರೈನರ್ (ಕಲಿಯುವವರಿಗಾಗಿ ಹಗುರ ಫೋಮ್‌ನಿಂದ ಮಾಡಿದ ವಿಮಾನ) ಆರಿಸಿಕೊಳ್ಳಿ, ಅದು ಸ್ವಲ್ಪ ವಾಲಿದರೂ ರಿಮೋಟ್‌ನ ಸ್ಟಿಕ್ (ನಿಯಂತ್ರಣ ಕಡ್ಡಿ) ಬಿಟ್ಟೊಡನೆ ಬಹುಮಟ್ಟಿಗೆ ತಾನೇ ಸಮಸ್ಥಿತಿಗೆ ಮರಳುತ್ತದೆ. ಯುದ್ಧವಿಮಾನದ ಮಾದರಿಗಳು ಎಷ್ಟೇ ಆಕರ್ಷಕವಾಗಿದ್ದರೂ ಈಗ ಖಂಡಿತ ಬೇಡ.

ಉತ್ತರ 2: ವಿಮಾನ ನಿಮ್ಮತ್ತ ಬರುವಾಗ ಯಾವ ಬದಿಯ ರೆಕ್ಕೆ ಕೆಳಗಿಳಿದಿದೆಯೋ ಆ ಬದಿಗೇ ಸ್ಟಿಕ್ ತಳ್ಳಿದರೆ ರೆಕ್ಕೆಗಳು ಸಮವಾಗುತ್ತವೆ. ಇದು ಕೈಗೆ ರೂಢಿಯಾಗುವವರೆಗೆ ಸಿಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಹಾರಾಟವನ್ನು ಅನುಕರಿಸುವ ತಂತ್ರಾಂಶದಲ್ಲಿ) ಅಭ್ಯಾಸ ಮಾಡಿ, ಬಳಿಕ ಗಾಳಿ ಶಾಂತವಾಗಿರುವ ಮುಂಜಾನೆ ಬಯಲಿಗೆ ಹೋಗಿ, ಗಾಳಿಗೆ ಎದುರಾಗಿಯೇ ಏರಿಸಿ, ಇಳಿಸಿ.

ಉತ್ತರ 3: ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಅನ್ನು ವಿಮಾನಕ್ಕಿಂತ ಮೊದಲು ಆನ್ ಮಾಡಿ, ಕೊನೆಗೆ ಆಫ್ ಮಾಡಿ. ವಿಮಾನದ ಸಾಮಾನ್ಯ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಪ್ರತಿ ಸೆಲ್ 4.2 ವೋಲ್ಟ್ ಮೀರದಂತೆ ಚಾರ್ಜ್ ಮಾಡಿ.