ಅಪ್‌ಡೇಟ್: ಬೀದರ್ ಸಂಡೇ ಸ್ಕೂಲಿನ ಪುಟ್ಟ ಮಕ್ಕಳಿಗೆ ಕಳೆದ ಕುರಿಯ ಕಥೆ

4ರಿಂದ 6 ವರ್ಷದ ಮಕ್ಕಳಿಗೆ ದೇವರ ಪ್ರೀತಿಯನ್ನು ಯಾವ ಕಥೆಯಿಂದ ಶುರು ಮಾಡಲಿ ಅಂತ ಕೇಳಿದ್ದೆ. ಬೈಬಲಿನ ಲೂಕನ ಸುವಾರ್ತೆ, 15ನೇ ಅಧ್ಯಾಯದ ಕಳೆದುಹೋದ ಕುರಿ ಅಂದಿರಿ: 100 ಕುರಿಗಳಲ್ಲಿ ತಪ್ಪಿಹೋದ ಒಂದನ್ನು ಕುರುಬ ಹುಡುಕಿ ತರುವ ಕಥೆ. ಅದೇ ಸರಿ.

ಬೆಂಕಿಪೊಟ್ಟಣಕ್ಕೆ ಹತ್ತಿ ಅಂಟಿಸಿದ 10 ಕುರಿ ಸಾಕು. ಕಥೆಯಲ್ಲಿ 100 ಅಂತಲೇ ಹೇಳಿ, ಆದರೆ ಎಣಿಸಲು ಕೊಡುವುದು ಹತ್ತೇ. ಅದಕ್ಕಿಂತ ಹೆಚ್ಚಾದರೆ ಎಣಿಕೆಯಲ್ಲೇ ಕಥೆ ಕಳೆದುಹೋಗುತ್ತದೆ. ಮಕ್ಕಳು ಬರುವ ಮೊದಲೇ ಒಂದನ್ನು ಬೆಂಚಿನ ಕೆಳಗೆ ಅಡಗಿಸಿಡಿ. ಒಂಬತ್ತಕ್ಕೆ ಎಣಿಕೆ ನಿಂತಾಗ ಅವರೇ ಹುಡುಕಲು ಏಳುತ್ತಾರೆ. ಹೆಗಲಿಗೆ ಕಂಬಳಿ ಹಾಕಿಕೊಂಡರೆ ಬೇರೆ ವಿವರಣೆ ಬೇಡ, ನಮ್ಮ ಕಡೆ ಕುರಿಗಾರರನ್ನು ನೋಡದ ಮಗುವೇ ಅಪರೂಪ.

ಕೆಡುವುದು ಎರಡು ಕಡೆ. ತೋಳದ ಮಾತು ಬೆಳೆಸಿದರೆ ಮಗುವಿಗೆ ತೋಳವೊಂದೇ ನೆನಪು. ‘ತುಂಟ ಕುರಿ, ಅದಕ್ಕೇ ಕಳೆದುಹೋಯಿತು’ ಅಂದರೆ ಪ್ರೀತಿಯ ಕಥೆ ಬೈಗುಳವಾಗುತ್ತದೆ. ಲೂಕನಲ್ಲಿ ಕುರುಬ ಬೈಯುವುದೇ ಇಲ್ಲ; ಹೆಗಲ ಮೇಲೆ ಹೊತ್ತು, ನೆರೆಯವರನ್ನು ಕರೆದು ಸಂತೋಷಪಡುತ್ತಾನೆ. ಆ ಸಂತೋಷಕ್ಕೆ ಎರಡು ನಿಮಿಷ ಪೂರ್ತಿ ಕೊಡಿ, ಚಪ್ಪಾಳೆ ಹೊಡೆಸಿ.

ಮುಂದಿನ ವಾರ ಅದೇ ಅಧ್ಯಾಯದ ನಾಣ್ಯ, ಕಳೆದ ಒಂದು ನಾಣ್ಯಕ್ಕಾಗಿ ಹೆಂಗಸೊಬ್ಬಳು ದೀಪ ಹಚ್ಚಿ ಮನೆ ಗುಡಿಸಿ ಹುಡುಕುವ ಕಥೆ: 10 ನಾಣ್ಯ, ಒಂದು ಕಸಬರಿಗೆ, ದೀಪದ ಬದಲು ಟಾರ್ಚ್. ಅಲ್ಲೇ ಇರುವ, ಮನೆ ಬಿಟ್ಟು ಹೋಗಿ ಮರಳುವ ಕಿರಿಯ ಮಗನ ಕಥೆಯಲ್ಲಿ ಆಸ್ತಿ ಪಾಲು ಇಷ್ಟು ಚಿಕ್ಕವರಿಗೆ ಅರ್ಥವಾಗದು; ಅಪ್ಪ ಓಡಿ ಬಂದು ಅಪ್ಪಿಕೊಂಡ ಭಾಗವಷ್ಟೇ ಹೇಳಿ.