ಸಲ್ಲಿಕೆಯಾದ ಜೇಸನ್ ದತ್ತಾಂಶವನ್ನು ಎಪಿಐ ಎಲ್ಲಿ, ಎಷ್ಟರಮಟ್ಟಿಗೆ ಪರಿಶೀಲಿಸಬೇಕು?

ಪ್ರಶ್ನೆ (ಶಿರ್ವ, ಉಡುಪಿ ಜಿಲ್ಲೆ)

ಮಾನ್ಯರೇ, ಶಂಕರಪುರ ಮಲ್ಲಿಗೆ ಬೆಳೆಯುವವರು ದಿನವೂ ಕಟ್ಟೆಗೆ (ಹೂವು ಕೊಳ್ಳುವ ಕೇಂದ್ರಕ್ಕೆ) ಕೊಟ್ಟ ಹೂವಿನ ಲೆಕ್ಕವನ್ನು ಮೊಬೈಲಿನಲ್ಲೇ ನಮೂದಿಸುವಂತಹ ಸಣ್ಣ ವ್ಯವಸ್ಥೆಯೊಂದನ್ನು ನೋಡ್ (ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ತಂತ್ರಾಂಶ) ಮತ್ತು ಅದರ ವೆಬ್ ಚೌಕಟ್ಟಾದ ಎಕ್ಸ್‌ಪ್ರೆಸ್ 4ರಲ್ಲಿ ಸಿದ್ಧಪಡಿಸುತ್ತಿದ್ದೇನೆ. ಸರ್ವರಿನ ಎಪಿಐಗೆ (ಆ್ಯಪ್‌ನಿಂದ ದತ್ತಾಂಶ ಪಡೆಯುವ ದ್ವಾರಕ್ಕೆ) ಜೇಸನ್ ಎಂಬ ಪಠ್ಯರೂಪದಲ್ಲಿ ಬರಬೇಕಾದ ದತ್ತಾಂಶ ಇದು (ಅಟ್ಟೆ, ಚೆಂಡು ಎಂಬುವು ಹೂವಿನ ಅಳತೆಗಳು):

{"ದಿನಾಂಕ": "2025-06-14", "ಊರು": "ಕೊರಂಗ್ರಪಾಡಿ", "ಅಟ್ಟೆ": 3, "ಚೆಂಡು": 2}

ಆದರೆ ಕೆಲವು ಸಲ ಸರ್ವರಿಗೆ ಖಾಲಿ ಆಬ್ಜೆಕ್ಟ್ ಮಾತ್ರ ತಲುಪುತ್ತದೆ. ಇನ್ನು ಕೆಲವು ಸಲ ಅಟ್ಟೆಯ ಸಂಖ್ಯೆ "3" ಎಂದು ಸ್ಟ್ರಿಂಗ್ ರೂಪದಲ್ಲಿ ಬಂದು, ಮೊತ್ತ ಹಾಕುವಾಗ 3 ಮತ್ತು 1 ಸೇರಿ 31 ಆಗುತ್ತದೆ. ಆ್ಯಪ್‌ನ ಫಾರ್ಮಿನಲ್ಲಿ ಪರಿಶೀಲನೆ ಇದ್ದೇ ಇದೆ. ಸರ್ವರಿನಲ್ಲೂ ಅದನ್ನೇ ಮತ್ತೆ ಮಾಡಬೇಕೇ? ಮಾಡುವುದಾದರೆ ಪ್ರತಿ ರೂಟಿನಲ್ಲೂ (ಎಪಿಐನ ಪ್ರತಿ ವಿಳಾಸದಲ್ಲೂ) ಇಫ್ ಷರತ್ತುಗಳನ್ನು ಬರೆಯುವುದೊಂದೇ ದಾರಿಯೇ?

ಉತ್ತರ (ಮಂಗಳೂರು)

ಮಾಡಲೇಬೇಕು. ಫಾರ್ಮಿನ ಪರಿಶೀಲನೆ ಬಳಕೆದಾರರ ಅನುಕೂಲಕ್ಕೆ ಇರುವುದು. ನಿಮ್ಮ ಎಪಿಐಗೆ ಆ ಫಾರ್ಮನ್ನು ಮುಟ್ಟದೆಯೇ ಯಾರು ಬೇಕಾದರೂ ಏನನ್ನು ಬೇಕಾದರೂ ಕಳುಹಿಸಬಹುದು.

ಮೊದಲು ಖಾಲಿ ಆಬ್ಜೆಕ್ಟಿನ ವಿಷಯ. ಎಕ್ಸ್‌ಪ್ರೆಸ್‌ನ ಜೇಸನ್ ಮಿಡಲ್‌ವೇರ್ (ವಿನಂತಿ ರೂಟಿಗೆ ತಲುಪುವ ಮೊದಲು ಅದನ್ನು ಓದುವ ಕೋಡ್), ದತ್ತಾಂಶದ ಬಗೆಯನ್ನು ತಿಳಿಸುವ ಕಂಟೆಂಟ್-ಟೈಪ್ ಹೆಡರಿನಲ್ಲಿ ಅಪ್ಲಿಕೇಶನ್/ಜೇಸನ್ ಎಂದಿದ್ದರೆ ಮಾತ್ರ ಬಾಡಿಯನ್ನು (ವಿನಂತಿಯಲ್ಲಿರುವ ದತ್ತಾಂಶವನ್ನು) ಓದುತ್ತದೆ. ವಿನಂತಿ ಕಳುಹಿಸುವ ಫೆಚ್ ಫಂಕ್ಷನ್ನಿಗೆ ಹೆಡರ್ ಕೊಡದೆ ಸ್ಟ್ರಿಂಗನ್ನು ಬಾಡಿಯಾಗಿ ಕೊಟ್ಟರೆ ಅದು ಟೆಕ್ಸ್ಟ್/ಪ್ಲೇನ್ ಎಂದು ಹೊರಡುತ್ತದೆ, ಮಿಡಲ್‌ವೇರ್ ಅದನ್ನು ಮುಟ್ಟುವುದಿಲ್ಲ, ನಿಮ್ಮ ಕೈಗೆ ಖಾಲಿ ಆಬ್ಜೆಕ್ಟ್ ಸಿಗುತ್ತದೆ. ಎಕ್ಸ್‌ಪ್ರೆಸ್ 5ರಲ್ಲಾದರೆ ಇದೇ ಜಾಗದಲ್ಲಿ ಅನ್‌ಡಿಫೈನ್ಡ್ ಬರುತ್ತದೆ. ಆದ್ದರಿಂದ ಹೆಡರನ್ನು ಮೊದಲೇ ನೋಡಿ, ತಪ್ಪಿದ್ದರೆ 415 (ಈ ಬಗೆಯ ದತ್ತಾಂಶ ಸಲ್ಲದು ಎಂಬ ಎಚ್‌ಟಿಟಿಪಿ ಸಂಕೇತ) ಕೊಟ್ಟು ಅಲ್ಲಿಯೇ ನಿಲ್ಲಿಸಿ. ಬಾಡಿಯ ಗಾತ್ರಕ್ಕೆ ಪೂರ್ವನಿಯೋಜಿತ ಮಿತಿ 100 ಕೆಬಿ ಇದೆ. ನಿಮ್ಮ ಕೆಲಸಕ್ಕೆ ಅದೇ ಹೆಚ್ಚು.

ವ್ಯಾಕರಣವೇ ಕೆಟ್ಟಿರುವ ಜೇಸನ್ ಬಂದಾಗ ಮಿಡಲ್‌ವೇರ್ 400ರ (ವಿನಂತಿಯೇ ತಪ್ಪು ಎಂಬ ಸಂಕೇತದ) ದೋಷವನ್ನು ಎಸೆಯುತ್ತದೆ. ನೀವು ಎರರ್ ಹ್ಯಾಂಡ್ಲರ್ ಬರೆಯದಿದ್ದರೆ ಉತ್ತರವಾಗಿ ಎಚ್‌ಟಿಎಂಎಲ್ ಪುಟ ಹೋಗುತ್ತದೆ, ಜೇಸನ್‌ಗಾಗಿ ಕಾದಿರುವ ಆ್ಯಪ್ ಅದನ್ನು ಓದಲಾರದು.

ಆಮೇಲಿನ ಹಂತ ದತ್ತಾಂಶದ ಆಕಾರ. ಇದಕ್ಕೆ ಇಫ್‌ಗಳ ಸಾಲು ಬೇಡ. ಜೇಸನ್ ಸ್ಕೀಮಾ (ಯಾವ ಕ್ಷೇತ್ರ ಹೇಗಿರಬೇಕು ಎಂಬ ವಿವರಣೆ) ಬರೆದು ಎಜೆವಿ ಲೈಬ್ರರಿಯಿಂದ ಒಂದೇ ಕಡೆ ಪರಿಶೀಲಿಸಿ. ಹೆಚ್ಚಿನವರು ಮರೆಯುವ ಎರಡು ಸಂಗತಿಗಳಿವೆ. ಸ್ಕೀಮಾದ ಪ್ರಾಪರ್ಟೀಸ್ ಅಡಿಯಲ್ಲಿ ಹೆಸರಿಸಿದ ಮಾತ್ರಕ್ಕೆ ಒಂದು ಕ್ಷೇತ್ರ ಕಡ್ಡಾಯವಾಗುವುದಿಲ್ಲ, ಅದನ್ನು ರಿಕ್ವೈರ್ಡ್ ಪಟ್ಟಿಯಲ್ಲೂ ಸೇರಿಸಬೇಕು. ಅಡಿಷನಲ್‌ಪ್ರಾಪರ್ಟೀಸ್ ಎಂಬುದಕ್ಕೆ ಫಾಲ್ಸ್ ಕೊಡದಿದ್ದರೆ, ನೀವು ಹೇಳದ ಕ್ಷೇತ್ರಗಳೂ ಸಲೀಸಾಗಿ ಒಳಗೆ ಬರುತ್ತವೆ. ಆಕಾರ ಹೊಂದದಿದ್ದರೆ 422 (ಓದಲು ಬಂದರೂ ಒಪ್ಪಲಾಗದ ದತ್ತಾಂಶ ಎಂಬ ಸಂಕೇತ) ಕೊಡುವುದು ನನ್ನ ರೂಢಿ. 400 ಕೊಟ್ಟರೂ ತಪ್ಪಲ್ಲ, ಆದರೆ ಎಲ್ಲ ರೂಟುಗಳಲ್ಲೂ ಒಂದೇ ಕ್ರಮವಿರಲಿ, ಮತ್ತು ಯಾವ ಕ್ಷೇತ್ರದಲ್ಲಿ ಏನು ತಪ್ಪಿದೆ ಎಂಬುದು ಉತ್ತರದಲ್ಲಿ ಸ್ಪಷ್ಟವಾಗಿರಲಿ.

ಉತ್ತರ (ಮಣಿಪಾಲ)

ಮೇಲಿನ ಉತ್ತರಕ್ಕೆ ಪೂರಕವಾಗಿ, ಆಕಾರ ಸರಿಯಿದ್ದೂ ಅರ್ಥ ತಪ್ಪಿರುವ ದತ್ತಾಂಶದ ಬಗ್ಗೆ ಹೇಳುತ್ತೇನೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆಯಾಗುವುದರಿಂದ ಚೆಂಡಿನ ಕ್ಷೇತ್ರ 0ಯಿಂದ 3ರೊಳಗಿನ ಪೂರ್ಣಾಂಕವಾಗಿರಬೇಕು. ಇದನ್ನು ಸ್ಕೀಮಾದಲ್ಲೇ ಹೇಳಬಹುದು. ದಿನಾಂಕದ ವಿಷಯ ಇಷ್ಟು ಸುಲಭವಲ್ಲ. ಮೊಗ್ಗು ಬಿಡಿಸುವುದು ನಸುಕಿನಲ್ಲಿ. ಬೆಳಗ್ಗೆ 5 ಗಂಟೆಗೆ ಯಾರಾದರೂ ನಮೂದಿಸಿದರೆ ಆ ಹೊತ್ತಿಗೆ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಇನ್ನೂ ಹಿಂದಿನ ದಿನ, ಏಕೆಂದರೆ ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. "ಮುಂದಿನ ದಿನಾಂಕ ಬೇಡ" ಎಂಬ ನಿಯಮವನ್ನು ಯುಟಿಸಿ ದಿನಾಂಕದೊಂದಿಗೆ ಹೋಲಿಸಿ ಬರೆದರೆ ಆ ಬೆಳೆಗಾರರ ಸರಿಯಾದ ನಮೂದೇ ತಿರಸ್ಕೃತವಾಗುತ್ತದೆ. ಏಷ್ಯಾ/ಕೋಲ್ಕತ್ತಾ (ಭಾರತೀಯ ಸಮಯ) ವಲಯದ ದಿನಾಂಕವನ್ನೇ ಬಳಸಿ.

ಮುಂದೆ ದೂರವಾಣಿ ಸಂಖ್ಯೆಯನ್ನು ಸೇರಿಸುವುದಾದರೆ ಅದನ್ನು ಸ್ಟ್ರಿಂಗ್ ಆಗಿಯೇ ಪಡೆಯಿರಿ. ಜೇಸನ್‌ನಲ್ಲಿ ಸಂಖ್ಯೆಯೊಂದು ಎಸ್‌ಟಿಡಿ ಕೋಡಿನ ಹಾಗೆ ಸೊನ್ನೆಯಿಂದ ಶುರುವಾಗುವಂತಿಲ್ಲ. ಉಡುಪಿಯ 0820 ಅಥವಾ ಮಂಗಳೂರಿನ 0824 ಉದ್ಧರಣ ಚಿಹ್ನೆಯಿಲ್ಲದೆ ಬಂದರೆ ಇಡೀ ದತ್ತಾಂಶವೇ ಅಸಿಂಧು.

ಕನ್ನಡದ ಹೆಸರುಗಳಿಗೂ ಗಮನ ಕೊಡಿ. ಕೊರಂಗ್ರಪಾಡಿಯ "ಕೊ"ದಲ್ಲಿರುವ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಹೋಲಿಸುವಾಗ ಬೇರೆ ಬೇರೆ. ಒಳಬಂದ ಕೂಡಲೇ ಎನ್‌ಎಫ್‌ಸಿ (ಇಂಥವನ್ನು ಒಂದೇ ಚಿಹ್ನೆಯಾಗಿ ಜೋಡಿಸುವ ಯೂನಿಕೋಡ್ ಕ್ರಮ) ರೂಪಕ್ಕೆ ತಂದರೆ ಹುಡುಕಾಟ ಕೈಕೊಡುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಖಾಲಿ ಆಬ್ಜೆಕ್ಟಿಗೆ ಹೆಡರೇ ಕಾರಣವೆಂದು ಖಚಿತವಾಯಿತು. ಆ್ಯಪ್‌ನ ಹಳೆಯ ಆವೃತ್ತಿ ಹಲವರ ಮೊಬೈಲಿನಲ್ಲಿ ಹಾಗೆಯೇ ಉಳಿಯುವುದರಿಂದ "3" ಎಂಬ ಸ್ಟ್ರಿಂಗ್ ಇನ್ನೂ ಕೆಲವು ಕಾಲ ಬರುತ್ತಲೇ ಇರುತ್ತದೆ. ಎಜೆವಿಯ ಕೋಯರ್ಸ್‌ಟೈಪ್ಸ್ (ಬಂದ ಮೌಲ್ಯವನ್ನು ಬೇಕಾದ ಬಗೆಗೆ ತಾನೇ ಬದಲಿಸುವ) ಆಯ್ಕೆಯನ್ನು ಆನ್ ಮಾಡಿದರೆ ಸಾಕೇ?

ಉತ್ತರ (ಮಂಗಳೂರು)

ದಯವಿಟ್ಟು ಬೇಡ. ಆ ಆಯ್ಕೆ "3" ಅನ್ನು 3 ಮಾಡುವುದರ ಜೊತೆಗೆ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಅನ್ನು 0 ಮಾಡುತ್ತದೆ, ಟ್ರೂ ಅನ್ನು 1 ಮಾಡುತ್ತದೆ. ಬೆಳೆಗಾರರೊಬ್ಬರ ಅಟ್ಟೆಯ ಸಂಖ್ಯೆ ಯಾವುದೋ ದೋಷದಿಂದ ನಲ್ ಆಗಿ ಬಂದರೆ, ಯಾವ ಎಚ್ಚರಿಕೆಯೂ ಇಲ್ಲದೆ ಆ ದಿನ ಅವರು ಹೂವನ್ನೇ ಕೊಟ್ಟಿಲ್ಲವೆಂದು ದಾಖಲಾಗುತ್ತದೆ, ಅವರ ಹಣ ಹೋಗುತ್ತದೆ. ಬದಲಿಗೆ ಅಟ್ಟೆ ಮತ್ತು ಚೆಂಡು ಎಂಬ ಎರಡು ಕ್ಷೇತ್ರಗಳಿಗೆ ಮಾತ್ರ, ಬಂದಿರುವುದು ಬರೀ ಅಂಕಿಗಳ ಸ್ಟ್ರಿಂಗ್ ಆಗಿದ್ದರೆ ಮಾತ್ರ, ಸ್ಕೀಮಾಕ್ಕೆ ಒಪ್ಪಿಸುವ ಮುನ್ನ ನೀವೇ ಪರಿವರ್ತಿಸಿ, ಹಾಗೆ ಪರಿವರ್ತಿಸಿದಾಗಲೆಲ್ಲ ಆ್ಯಪ್‌ನ ಆವೃತ್ತಿಯೊಂದಿಗೆ ಲಾಗ್ ಬರೆಯಿರಿ. ಲಾಗಿನಲ್ಲಿ ಹಳೆಯ ಆವೃತ್ತಿ ಕಾಣಿಸುವುದು ನಿಂತ ಮೇಲೆ ಆ ಸಾಲುಗಳನ್ನು ತೆಗೆದುಹಾಕಬಹುದು.