ಅಪ್‌ಡೇಟ್: 16 ಬಿಟ್ ಎಕ್ಸ್‌ಪೋರ್ಟ್‌ನ ಕರಕರ ಸದ್ದು ಹೋಯಿತು

ಹೋದ ವಾರ ಕೇಳಿದ್ದೆನಲ್ಲ, 32 ಬಿಟ್ ಫ್ಲೋಟ್ (ಸದ್ದನ್ನು ತುಂಬಾ ಸೂಕ್ಷ್ಮವಾಗಿ ಬರೆದಿಡುವ ಬಗೆ) ಪ್ರಾಜೆಕ್ಟ್‌ನಲ್ಲಿ ಚೆನ್ನಾಗೇ ಇರುವ ಹಾಡು 16 ಬಿಟ್ ವೇವ್ ಫೈಲ್ ಆದ ಕೂಡಲೇ ಕೊನೆಯ ಫೇಡ್‌ಔಟ್‌ನಲ್ಲಿ ಕರಕರ ಅನ್ನುತ್ತೆ ಅಂತ. ಈಗ ಸರಿಹೋಗಿದೆ.

ಕೆಲಸ ಮಾಡಿದ್ದು ಡಿದರ್ (ಬೇಕೆಂದೇ ಸಣ್ಣ ಸದ್ದು ಬೆರೆಸುವ ಆಯ್ಕೆ) ಆನ್ ಮಾಡಿ ಅನ್ನುವ ಸಲಹೆ. ಎಕ್ಸ್‌ಪೋರ್ಟ್ ವಿಂಡೋದಲ್ಲಿ ಅದು ಆಫ್ ಆಗಿತ್ತು. 16 ಬಿಟ್‌ನಲ್ಲಿ ಸದ್ದಿನ ಅಲೆಯ ಎತ್ತರ ಬರೆದಿಡಲು ಒಟ್ಟು 65,536 ಮೆಟ್ಟಿಲುಗಳಿರುತ್ತವೆ. ಆದರೆ ಪಿಯಾನೋದ ಕೊನೆಯ ಸ್ವರ ಆರಿಹೋಗುವಾಗ ಬಳಕೆಯಾಗುವುದು ಅದರಲ್ಲಿ ಬೆರಳೆಣಿಕೆಯಷ್ಟು ಮಾತ್ರ. ಹತ್ತಿರದ ಮೆಟ್ಟಿಲಿಗೆ ಜಾರಿಸುವಾಗ ಆಗುವ ತಪ್ಪು ಸ್ವರದ ಜೊತೆಗೇ ಏರಿಳಿಯುತ್ತದೆ, ಅದೇ ಆ ಕರಕರ. ಡಿದರ್ ಸಣ್ಣ ಗೊತ್ತುಗುರಿಯಿಲ್ಲದ ಸದ್ದು ಬೆರೆಸಿ ಆ ನಂಟನ್ನು ಮುರಿಯುತ್ತದೆ. ಈಗ ಹೆಡ್‌ಫೋನ್‌ನಲ್ಲಿ ವಾಲ್ಯೂಮ್ ಜಾಸ್ತಿ ಇಟ್ಟರೆ ತೆಳುವಾದ ಸುಯ್ ಅನ್ನುವುದಷ್ಟೇ ಕೇಳುತ್ತೆ. ಸ್ವರ ನಯವಾಗಿ ಕರಗುತ್ತೆ. ಕೇಳಿ ತುಂಬಾ ಖುಷಿಯಾಯಿತು.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುವುದು ಅನ್ನುವುದು) ಏರಿಸಿದ್ದರಿಂದ ಏನೂ ಆಗಲಿಲ್ಲ. 16 ಬಿಟ್ ಫೈಲನ್ನು ನಾರ್ಮಲೈಸ್ ಮಾಡಿದಾಗ, ಅಂದರೆ ಇಡೀ ಫೈಲ್‌ನ ಸದ್ದು ಏರಿಸಿದಾಗ, ಕರಕರವೂ ಜೊತೆಗೇ ದೊಡ್ಡದಾಯಿತು.

ಹುಡುಕುವಾಗ ಇನ್ನೊಂದು ತೊಂದರೆ ಸಿಕ್ಕಿತು. ಇಡೀ ಹಾಡಿನ ಸದ್ದಿನ ಮಟ್ಟ ತೋರಿಸುವ ಮಾಸ್ಟರ್ ಮೀಟರ್ 0 ಡಿಬಿ (16, 24 ಬಿಟ್ ಫೈಲ್ ಹಿಡಿಯಬಲ್ಲ ಗರಿಷ್ಠ ಮಟ್ಟ) ದಾಟಿ 2 ಡಿಬಿ ಮೇಲೆ ಹೋಗುತ್ತಿತ್ತು. ಫ್ಲೋಟ್ ಫೈಲ್‌ನಲ್ಲಿ ಹಾಗೆ ದಾಟಿದ ಭಾಗ ಕಳೆದುಹೋಗುವುದಿಲ್ಲ, ಗೇನ್ (ಸದ್ದಿನ ಮಟ್ಟ) ಇಳಿಸಿದರೆ ಹಾಗೇ ವಾಪಸ್ ಬರುತ್ತೆ. 16 ಅಥವಾ 24 ಬಿಟ್‌ಗೆ ಹಾಗೇ ಇಳಿಸಿದರೆ ತುದಿ ಕತ್ತರಿಸಿಹೋಗುತ್ತೆ, ಆಮೇಲೆ ಏನು ಮಾಡಿದರೂ ಬರಲ್ಲ.

ಈಗ ನಡುವಿನ ಫೈಲ್‌ಗಳೆಲ್ಲ 32 ಬಿಟ್ ಫ್ಲೋಟ್, ಡಿದರ್ ಕೊನೆಯಲ್ಲಿ ಒಂದೇ ಸಲ. ಎಂಪಿ3 ಬೇಕಾದಾಗ 16 ಬಿಟ್ ಮಾಡದೆ ನೇರ ಫ್ಲೋಟ್‌ನಿಂದಲೇ ತೆಗೆಯುತ್ತಿದ್ದೇನೆ. ಡಿದರ್ ಬಗ್ಗೆ ಹೇಳಿದವರಿಗೆ ತುಂಬಾ ಥ್ಯಾಂಕ್ಸ್.